ಇಲಿ ಡಾಕ್ಟರು ಬೋಟಿನವರಿಗೆ ಹೇಳಿದ್ದು

ನನ್ನ ಗಂಡ ಲೀಲಾಧರ ಮೊದಲು ಮುಂಬಯಿಯಲ್ಲಿ ಇಲಿಗಳ ಮೆದುಳು ನೋಡುತ್ತಿದ್ದರು. ಆಮೇಲೆ ಗಂಗೊಳ್ಳಿಗೆ ಬಂದು ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಎರಡೂ ಎಂಥ ಕೆಲಸ ಎಂದು ಊರಲ್ಲಿ ಯಾರಿಗೂ ಸಮ ಗೊತ್ತಿರಲಿಲ್ಲ. ತೀರಿಹೋದ ಮೇಲೆ ಪೇಪರಿನಲ್ಲಿ ‘ವೈದ್ಯ ನಿಧನ’ ಎಂದು ಬಂತು. ಅವರು ವೈದ್ಯರಲ್ಲ. ನಿಧನ ಹೌದು.

ಅವರು ನನ್ನ ಸೋದರತ್ತೆ ಪದ್ದುವಿನ ಮಗ. ನಮ್ಮ ಮದುವೆ ಆದದ್ದು 1997ರಲ್ಲಿ. ಅವರು ಆಗ ಮುಂಬಯಿಯಲ್ಲಿ ಡಾಕ್ಟರೇಟ್ ಮಾಡುತ್ತಿದ್ದರು. ನನ್ನದು ಏಳನೇ ಕ್ಲಾಸು. ಇಷ್ಟು ಓದಿದವನಿಗೆ ಇವಳಾ ಎಂದು ಒಂದಿಬ್ಬರು ಕೇಳಿದರು. ಪದ್ದು ಅತ್ತೆ, “ಇವ್ಳೂ ಓದ್ತಾ ಕೂಕಂಡ್ರೆ ಮನಿಯಂಗೆ ಮೀನ್ ಕೊಯ್ವರ್ ಯಾರ್?” ಅಂದರು. ಮಾತು ಅಲ್ಲಿಗೆ ಮುಗಿಯಿತು.

ಅವರು ಮೆದುಳನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಇತ್ತು. ಅವರ ಅಪ್ಪ ಬೋಟಿಗೆ ಹೋಗುವವರು. ಒಂದು ಬೆಳಿಗ್ಗೆ ಕಡಲಲ್ಲಿ ಬಲೆ ಎಳೆಯುವಾಗ ಕೈಯಿಂದ ಹಗ್ಗ ಜಾರಿತು. ಮಾತು ತೊದಲಿತು. ಬೋಟಿನವರು ಕುಡಿದಿದ್ದಾರೆ ಎಂದುಕೊಂಡು ಹಳೆ ಬಲೆಯ ರಾಶಿಯ ಮೇಲೆ ಮಲಗಿಸಿದರು. ಮಾವ ಕುಡಿಯುವವರಲ್ಲ. ಅದು ಬೋಟಿನವರಿಗೂ ಗೊತ್ತಿತ್ತು. ಇವತ್ತು ಕುಡಿದಿರಬಹುದು ಎಂದುಕೊಂಡರು. ಮೀನು ತುಂಬಿಸಿಕೊಂಡು ದಡಕ್ಕೆ ಬರುವಷ್ಟರಲ್ಲಿ ಮಾವ ಇರಲಿಲ್ಲ. ಲಕ್ವ ಹೊಡೆದಿತ್ತು. ಇವರು ಆಗ ಹೈಸ್ಕೂಲಿನಲ್ಲಿದ್ದರು. ಬೋಟಿನಲ್ಲಿ ಒಬ್ಬನಿಗೆ ಗೊತ್ತಿದ್ದರೂ ಸಾಕಿತ್ತು ಎಂದು ಕೊನೆಯವರೆಗೂ ಹೇಳುತ್ತಿದ್ದರು. ಬೇರೆ ಏನು ಹೇಳಲು ಹೊರಟರೂ ಕಡೆಗೆ ಅಲ್ಲಿಗೇ ಬರುತ್ತಿದ್ದರು.

ಮುಂಬಯಿಯಲ್ಲಿ ಒಂದು ಸಂಶೋಧನಾ ಸಂಸ್ಥೆಯ ಕ್ವಾರ್ಟರ್ಸಿನಲ್ಲಿ ಇದ್ದೆವು. ಹೋದ ಹೊಸತರಲ್ಲಿ, ದಿನಾ ಹೋಗಿ ಎಂತ ಮಾಡುತ್ತೀರಿ ಎಂದು ಕೇಳಿದೆ. ಗಂಟೆ ಬಾರಿಸಿದರೆ ತಿಂಡಿ ಬರುತ್ತದೆ ಎಂದು ಇಲಿಗೆ ಅಭ್ಯಾಸ ಮಾಡಿಸುವುದು, ಅದು ಕಾಯುವಾಗ ಮೆದುಳಿನ ಯಾವ ಜಾಗ ಕೆಲಸ ಮಾಡುತ್ತದೆ ಎಂದು ನೋಡುವುದು ಅಂದರು.

“ಕಂಡ್ ಎಂತ ಮಾಡುದ್?”

“ಬರೀತೆ.”

“ಬರ್ದ್?”

“ಬೇರೆಯವ್ರ್ ಅದನ್ ಓದಿ ಅವ್ರೂ ಬರೀತ್ರ್.”

ಮತ್ತೆ ಕೇಳಲಿಲ್ಲ. ಮಗಳು ಮೋಕ್ಷಿತಾ ಅಲ್ಲೇ ಹುಟ್ಟಿದಳು. ಇವರ ಮೇಲಿನವರು 2009ರಲ್ಲಿ ನಿವೃತ್ತಿಯಾದರು. ಪ್ರಾಜೆಕ್ಟು ಮುಚ್ಚಿತು. ಇಲಿಗಳಿಗೆ ಪಕ್ಕದ ಲ್ಯಾಬಿನಲ್ಲಿ ಜಾಗ ಸಿಕ್ಕಿತು. ಇವರಿಗೆ ಸಿಗಲಿಲ್ಲ. ಊರಿಗೆ ಬಂದೆವು.

ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ನಾವು ಉಂಡದ್ದು ಅದರಿಂದ. ಪಾಠದ ನಡುವೆ ಮೆದುಳಿನ ವಿಷಯ ತೆಗೆದರೆ ಮಕ್ಕಳು, “ಸರ್, ಇದ್ ಪರೀಕ್ಷೆಗೆ ಬತ್ತಾ?” ಎಂದು ಕೇಳುತ್ತಿದ್ದರಂತೆ. ಇವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದರೆ ಮಕ್ಕಳು ಪುಸ್ತಕ ಮುಚ್ಚುತ್ತಿದ್ದರು.

ತಲೆಯ ಡಾಕ್ಟರು ಬಂದಿದ್ದಾರೆ ಎಂದು ಸುದ್ದಿಯಾಗಿ ಜನ ಮನೆಗೆ ಬರತೊಡಗಿದರು. ಹಾಲಾಡಿಯಿಂದ ಒಬ್ಬರು ಬಸ್ಸಿನಲ್ಲಿ ಮಗನನ್ನು ಕರೆದುಕೊಂಡು ಬಂದರು.

“ಡಾಕ್ಟ್ರೆ, ಇವ್ನ್ ತಲಿ ಒಂಚೂರ್ ಕಾಣಿ. ಓದಿದ್ದ್ ಒಂದೂ ನಿಲ್ತಿಲ್ಲೆ.”

“ನಾನ್ ಮದ್ದ್ ಕೊಡು ಡಾಕ್ಟ್ರ್ ಅಲ್ಲಮ್ಮ.”

“ಮತ್ತೆಂತ ಡಾಕ್ಟ್ರ್?”

“ಇಲಿ ಮೆದುಳ್ ಕಾಂತಿದ್ದೆ.”

ಆ ಹೆಂಗಸು ಮಗನ ಮುಖ ನೋಡಿದರು. “ಏಳ್ ಮಗ. ಇವ್ರ್ ಇಲಿ ಡಾಕ್ಟ್ರ್ ಅಂಬ್ರ್.” ಕೊಟ್ಟ ಚಾ ಕುಡಿದು ಹೋದರು. ಹೆಸರು ಇಲ್ಲೇ ಉಳಿಯಿತು.

ನನ್ನ ತಮ್ಮ ಶೇಖರ ಆಗ ಚಂದಯ್ಯಣ್ಣನ ಬೋಟಿನ ತಾಂಡೇಲ. ಅಂದರೆ ಬೋಟು ನಡೆಸುವವನು, ಕಡಲಲ್ಲಿ ಅವನ ಮಾತೇ ಮಾತು. ಅವರ ಬೋಟು ಹೋದರೆ ವಾರ ಕಳೆದೇ ಬರುವುದು. ಅಲ್ಲಿ ಟಿವಿ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಬಂದರಿನ ಹತ್ತಿರ ಶೈಲೇಶನ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಯಕ್ಷಗಾನ, ಸಿನಿಮಾ ಹಾಡು ತುಂಬಿಸಿಕೊಂಡು ಹೋಗುತ್ತಿದ್ದರು. ಅದನ್ನು ನೋಡಿ ಇವರಿಗೆ ಯೋಚನೆ ಬಂತು. ಬಲೆ ಇಡುವ ಕೋಣೆಯಲ್ಲಿ ಕೂತು ಮಾತಾಡಿ ಫೋನಿನಲ್ಲಿ ತುಂಬಿಸಿದರು. ಸುತ್ತ ಬಲೆ ನೇತಾಡುತ್ತಿದ್ದರೆ ಸದ್ದು ಗೋಡೆಗೆ ಬಡಿದು ತಿರುಗಿ ಬರುವುದಿಲ್ಲವಂತೆ. ಮುಂಬಯಿಯ ಗೆಳೆಯರು ಇದಕ್ಕೆ ಪಾಡ್‌ಕಾಸ್ಟ್ ಅಂದರು. ಇವರು ‘ತಲಿ ಒಳ್ಗೆ’ ಎಂದು ಹೆಸರಿಟ್ಟರು. ಬಂದರಿನಲ್ಲಿ ಅದು ಡಾಕ್ಟ್ರ ಕಾರ್ಡು.

ಮೊದಲನೆಯದನ್ನು ಪುಸ್ತಕದ ಕನ್ನಡದಲ್ಲಿ ಮಾತಾಡಿದ್ದರು. ಶೇಖರ ಕಡಲಿಂದ ಬಂದವನೇ, “ಭಾವ, ಲಾಯ್ಕ್ ಇತ್ತ್. ಕೇಂತಾ ಕೇಂತಾ ಎಲ್ರಿಗೂ ನಿದ್ರಿ ಬಂತ್” ಅಂದ.

“ಅರ್ಥ ಆಯ್ತಾ?”

“ನಿದ್ರಿ ಬಂತ್ ಅಂದೆ ಅಲ್ದಾ.”

ಎರಡನೆಯದನ್ನು ನಮ್ಮ ಮಾತಿನಲ್ಲಿ ಮಾಡಿದರು. ವಿಷಯ, ನಿದ್ದೆ ಏಕೆ ಬರುತ್ತದೆ ಎಂದು. ಅದಕ್ಕೆ ಯಾರೂ ಮಲಗಲಿಲ್ಲವಂತೆ. ಆಮೇಲೆ ಹೊಸಬರಿಗೆ ಕಡಲಲ್ಲಿ ವಾಂತಿ ಏಕೆ ಬರುತ್ತದೆ, ಕತ್ತರಿಸಿದ ಬೆರಳು ಇಲ್ಲದಿದ್ದರೂ ಏಕೆ ನೋಯುತ್ತದೆ, ಹೀಗೆ ಒಂದೊಂದೇ ಮಾಡಿದರು. ಎಲ್ಲಕ್ಕಿಂತ ಹೆಚ್ಚು ಓಡಿದ್ದು, ಮೀನಿನ ನಾತ ಮೀನಿನವರಿಗೆ ಏಕೆ ಗೊತ್ತಾಗುವುದಿಲ್ಲ ಎಂಬುದು. ಒಂದೇ ನಾತ ದಿನವಿಡೀ ಇದ್ದರೆ ಮೆದುಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲವಂತೆ. ಬುಟ್ಟಿ ಹಿಡಿದು ಬಸ್ಸು ಹತ್ತುವ ಹೆಂಗಸರು ಅದನ್ನು ಕಂಡಕ್ಟರಿಗೆ ಹೇಳಿದರು. ಕಂಡಕ್ಟರು, “ನನ್ ಮೆದುಳ್ ಲೆಕ್ಕಕ್ ಇಟ್ಕಂತ್. ಹಿಂದ್ ಹೋಯ್ನಿ” ಅಂದ.

ಇಷ್ಟೆಲ್ಲ ಆದ ಮೇಲೆ ಇವರು ಲಕ್ವದ ಬಗ್ಗೆ ಮಾತಾಡಿದರು. ಅದಕ್ಕೇ ಇಷ್ಟು ದಿನ ಜನ ಕೂಡಿಸಿದ್ದು ಎಂದು ನನಗೆ ಹೇಳಿದರು. ಯಾರಿಗಾದರೂ ಸಂಶಯ ಬಂದರೆ ಮೂರು ಕೆಲಸ ಮಾಡಿ. ನೆಗಾಡಲು ಹೇಳಿ, ಬಾಯಿ ಒಂದು ಬದಿಗೆ ಎಳೆಯುತ್ತದೋ ನೋಡಿ. ಎರಡೂ ಕೈ ಎತ್ತಲು ಹೇಳಿ, ಒಂದು ಕೆಳಗೆ ಬರುತ್ತದೋ ನೋಡಿ. ಮಾತಾಡಿಸಿ, ತೊದಲುತ್ತದೋ ನೋಡಿ. ಇದ್ದರೆ ಕಾಯಬೇಡಿ, ಫಿಟ್ಸ್ ಎಂದುಕೊಂಡು ಕೀಲಿಗೊಂಚಲು ಕೈಗೆ ಕೊಡಬೇಡಿ, ದಡಕ್ಕೆ ಬನ್ನಿ. ಮೂರ್ನಾಲ್ಕು ಗಂಟೆಯೊಳಗೆ ದೊಡ್ಡ ಆಸ್ಪತ್ರೆಗೆ ಮುಟ್ಟಿದರೆ ಮದ್ದಿದೆ. ತನಗೇನೂ ಆಗಿಲ್ಲ ಎಂದು ಅವನೇ ಹೇಳಬಹುದು, ಮೆದುಳು ಕೆಟ್ಟರೆ ಕೆಟ್ಟದ್ದು ಅದಕ್ಕೇ ತಿಳಿಯದೆ ಇರಬಹುದು, ನಂಬಬೇಡಿ.

2014ರ ದಸರಾ ಕಳೆದು ಶೇಖರನ ಬೋಟಿನಲ್ಲಿ ಅದನ್ನು ಕೇಳಿದರು. ಎಲ್ಲರಿಗೂ ಹೆದರಿಕೆ ಹಿಡಿಯಿತು. ಮರುದಿನ ಬೆಳಿಗ್ಗೆ ಗಂಜಿಗೆ ಮುಂಚೆ ಶೇಖರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೆಗಾಡಲು ಹೇಳಿದ. ಸಂಶಯ ಬಂದರೆ ಎಂದು ಇವರು ಹೇಳಿದ್ದರು. ಶೇಖರನಿಗೆ ಎಲ್ಲರ ಮೇಲೂ ಸಂಶಯ ಬಂದಿತ್ತು.

ಆ ಬೋಟಿನಲ್ಲಿ ಬಲೆ ಎಳೆಯುವ ಆಳು, ಸೂರ ಎಂಬ ಕಲಾಸಿ ಇದ್ದ. ವರ್ಷಗಟ್ಟಲೆ ಅದೇ ಬೋಟಿನಲ್ಲಿ ದುಡಿದವನು. ಅವನು ನೆಗಾಡಿದ್ದನ್ನು ಯಾರೂ ಕಂಡಿರಲಿಲ್ಲ. ನೆಗಾಡುವುದಿಲ್ಲ ಅಂದ. ತಾಂಡೇಲ ಹೇಳಿದ ಮೇಲೆ ಮಾಡಲೇಬೇಕು. ನೆಗಾಡಿದ. ಬಾಯಿ ಎಡಕ್ಕೆ ಹೋಯಿತು.

“ಕೈ ಎತ್ತ್” ಅಂದ ಶೇಖರ. ಹಿಂದಿನ ದಿನ ಹಗ್ಗ ಎಳೆದು ಸೂರನ ಬಲಭುಜ ಹಿಡಿದುಕೊಂಡಿತ್ತು. ಕೈ ಅರ್ಧಕ್ಕೆ ನಿಂತಿತು.

“ಮಾತಾಡ್.”

“ನಂಗೆ ಎಂತ ಆಯ್ಲಿಲ್ಲ ಮರಾಯಾ” ಅಂದ ಸೂರ. ಬಾಯಿ ತುಂಬ ಎಲೆ ಅಡಿಕೆ ಇತ್ತು. ಮಾತು ತೊದಲಿತು. ಮೇಲಿಂದ, ತನಗೇನೂ ಆಗಿಲ್ಲ ಎಂದು ಅವನೇ ಹೇಳಿದ್ದ. ಡಾಕ್ಟ್ರ ಕಾರ್ಡಿನಲ್ಲಿ ಹೇಳಿದ್ದೆಲ್ಲ ಒಂದೂ ಬಿಡದೆ ಸರಿಹೊಂದಿತು.

ಸೂರನನ್ನು ಮಲಗಿಸಿದರು. ಏಳಲು ನೋಡಿದರೆ ಇಬ್ಬರು ಹಿಡಿದುಕೊಂಡರು. ಬಯ್ಯತೊಡಗಿದ. ಮೆದುಳಿಗೆ ಏರಿತು ಎಂದು ಇನ್ನೂ ಗಟ್ಟಿಯಾಗಿ ಹಿಡಿದರು. ಬಂಗುಡೆ ಹಿಂಡು ಎದುರಿಗೇ ಇತ್ತಂತೆ. ಬಿಟ್ಟು ತಿರುಗಿದರು.

ಕುಂದಾಪುರದ ಆಸ್ಪತ್ರೆಯಲ್ಲಿ ತಲೆಯ ಫೋಟೊ ತೆಗೆದರು. ಏನೂ ಇಲ್ಲ. ಅಷ್ಟರಲ್ಲಿ ಸೂರನ ತಾಯಿ ಬೆಳ್ಳಿ ಗುಲ್ವಾಡಿಯಿಂದ ಅಳುತ್ತಾ ಓಡಿ ಬಂದಳು. ವಿಷಯ ಕೇಳಿ ಅಳು ನಿಲ್ಲಿಸಿದಳು.

“ಬಾಯಿ ಸೊಟ್ಟವಾ? ಸಣ್ಣಕ್ಕಿಪ್ಪತಿಗೆ ಕಿವಿ ಸೋರಿ ಹಾಂಗೆ ಆದ್ದ್. ಅದ್ಕೇ ಅಲ್ದಾ ಅವ ನೆಗಾಡ್ದೇ ಇಪ್ಪುದ್. ನಿಮ್ಗ್ ಅವ್ನ್ ನೆಗ್ಸುಕ್ ಹೇಳ್ದರ್ ಯಾರ್?”

ಎಲ್ಲರೂ ಶೇಖರನ ಮುಖ ನೋಡಿದರು. ಶೇಖರ ನನ್ನ ಗಂಡನ ಹೆಸರು ಹೇಳಿದ.

ಬೋಟಿನ ಯಜಮಾನ ಚಂದಯ್ಯಣ್ಣ ನಮ್ಮ ಮನೆಗೆ ಬಂದು ಜಗುಲಿಯಲ್ಲೇ ನಿಂತು ಹೇಳಿದರು. “ಡಾಕ್ಟ್ರೆ, ನಿಮ್ಮ್ ಇಲಿ ಬೋಟಿಗ್ ಹೋತ್ತಿಲ್ಲ. ನನ್ ಜನ ಹೋತ್ರ್. ಇನ್ ಆ ಕಾರ್ಡ್ ನನ್ ಬೋಟಂಗೆ ಬೇಡ.” ಉಳಿದ ಯಜಮಾನರೂ ಹಾಗೇ ಮಾಡಿದರು. ಶೈಲೇಶ ಕಾರ್ಡುಗಳಿಂದ ಇವರ ಮಾತು ಅಳಿಸಿ ಆ ಜಾಗಕ್ಕೆ ಹಾಡು ತುಂಬಿದ. ಅವನಿಗೂ ಅಂಗಡಿ ನಡೆಯಬೇಕಲ್ಲ.

ಇವರು ಊಟ ಬಿಡಲಿಲ್ಲ. ಮಾತು ಬಿಟ್ಟರು. ಸುಮಾರು ದಿನ ಕಳೆದು ಒಂದು ಮಧ್ಯಾಹ್ನ ಅನ್ನಕ್ಕೆ ಸಾರು ಹಾಕುವಾಗ, “ತಪ್ಪ್ ನಂದೇ” ಅಂದರು. “ಮುಂಚೆ ಹ್ಯಾಂಗಿತ್ತ್ ಅಂದ್ ಕಾಣ್ದೇ ಈಗ ಹ್ಯಾಂಗಿತ್ತ್ ಅಂದ್ ಹೇಳುಕಾತ್ತಿಲ್ಲ. ಇಲಿಗೂ ಮೊದ್ಲ್ ಕಂಡಿಡ್ತಿದ್ದೆ. ಜನಕ್ಕೆ ಹೇಳುಕ್ ಮರ್ತೆ.”

“ಸಾರಿಗೆ ಉಪ್ಪ್ ಸಾಕಾ?” ಎಂದು ಕೇಳಿದೆ. ಸಾಕು ಅಂದರು.

ಅದನ್ನೂ ರೆಕಾರ್ಡ್ ಮಾಡಿದರು. ತಪ್ಪು ಎಲ್ಲಿ ಆಯಿತು, ಹೇಗೆ ಆಯಿತು ಎಂದು. ಸೂರನ ಹೆಸರು ಹಾಕಬಹುದಾ ಎಂದು ಅವನ ಮನೆಗೇ ಹೋಗಿ ಕೇಳಿದರು. “ಹಾಕಿ. ನೆಗಾಡುಕ್ ಮಾತ್ರ ಹೇಳ್ಬೇಡಿ” ಅಂದನಂತೆ. ಆದರೆ ಅದನ್ನು ಯಾವ ಬೋಟಿನವರೂ ಕೇಳಲಿಲ್ಲ. ಕಾರ್ಡಿಗೆ ಹೋದರೆ ತಾನೇ.

ಬೋಟು ದಡಕ್ಕೆ ಕಟ್ಟುವ ಮಳೆಗಾಲದಲ್ಲಿ ಇವರು ಚಂದಯ್ಯಣ್ಣನ ಮನೆಗೆ ಹೋದರು. ನಾನೂ ಹೋದೆ. ಅಷ್ಟರಲ್ಲೇ ಇವರ ಅಂಗಿ ಸಡಿಲ ಆಗಿತ್ತು.

ಇವರು ಹೇಳಿದ್ದು ಇಷ್ಟು. ಬೋಟು ಇಳಿಯುವ ಮುಂಚೆ ಎಲ್ಲರನ್ನೂ ಒಂದು ಸಲ ನೆಗಾಡಿಸಿ, ಫೋಟೊ ತೆಗೆದು ತಾಂಡೇಲನ ಫೋನಿನಲ್ಲಿ ಇಡುವುದು. ಕಡಲಲ್ಲಿ ಸಂಶಯ ಬಂದರೆ ಫೋಟೊ ನೋಡಿ, ಮುಖ ನೋಡಿ, ಆಮೇಲೆ ತಿರುಗುವುದು.

“ಯಾವತ್ತ್ ತೆಗೂದ್?” ಅಂದರು ಚಂದಯ್ಯಣ್ಣ.

“ಸಮುದ್ರ ಪೂಜಿ ದಿನ.”

“ಪೂಜಿ ದಿನ ಹಲ್ ಕಿಸ್ಕಂಡ್ ನಿಲ್ಲುದಾ?”

“ಎಲ್ರೂ ಒಟ್ಟಿಗ್ ಸಿಕ್ಕುದ್ ಅವತ್ತೇ ಚಂದಯ್ಯಣ್ಣ. ಕುಡೀದೇ ಇಪ್ಪುದೂ ಅವತ್ತೇ.”

ಚಂದಯ್ಯಣ್ಣ ಒಂದು ಬೆರಳು ಎತ್ತಿದರು. “ಒಂದ್ ಬೋಟ್. ಒಂದ್ ವರ್ಷ. ಇನ್ನೊಂದ್ ಸಲ ಸುಮ್ನೆ ತಿರ್ಗ್ರೆ ನೀವೂ ಇಲ್ಲ, ನಿಮ್ಮ್ ಭಾವಮೈದ್ನೂ ಇಲ್ಲ.” ಶೇಖರನ ಕೆಲಸ ಹೋಗುತ್ತದೆ ಎಂದು ಅರ್ಥ.

ಆಗಸ್ಟಿನಲ್ಲಿ ಕಡಲಿಗೆ ಹಾಲು ಬಿಟ್ಟು, ತೆಂಗಿನಕಾಯಿ ಒಡೆದು, ಪೂಜೆ ಮುಗಿದ ಮೇಲೆ ಶೇಖರನ ಬೋಟಿನವರು ಒಬ್ಬೊಬ್ಬರೇ ನಿಂತರು. ಇವರು ಫೋನು ಹಿಡಿದು, “ಹ್ವಾಯ್, ಹಲ್ ಕಾಣ್ಲಿ” ಅನ್ನುತ್ತಿದ್ದರು. ಬೇರೆ ಬೋಟಿನವರು ಸುತ್ತ ನಿಂತು, ಹೆಣ್ಣು ನೋಡಲು ಬಂದಿದ್ದಾರಾ ಎಂದು ಕುಶಾಲು ಮಾಡಿದರು. ಅಡುಗೆ ಮಾಡುವ ಜಿತೇಂದ್ರ ಕರೆಯುವ ಮುಂಚೆಯೇ ಬಂದು ಬಾಯಿ ಕಿವಿಗೆ ಮುಟ್ಟುವ ಹಾಗೆ ನೆಗಾಡಿದ. ಸೂರನನ್ನು ಇವರು ಏನೂ ಕೇಳಲಿಲ್ಲ. ಅವನೇ ಕಡೆಗೆ ಬಂದು ನಿಂತು ಸೊಟ್ಟಗೆ ನೆಗಾಡಿ ಹೋದ.

ಅಕ್ಟೋಬರಿನಲ್ಲಿ ಇವರ ಕಣ್ಣು ಹಳದಿಯಾಯಿತು. ಹೊಟ್ಟೆಯ ಹಿಂದಿನ ಬದಿಯ ಒಂದು ಗ್ರಂಥಿಯಲ್ಲಿ ಕ್ಯಾನ್ಸರ್ ಅಂದರು. ತಲೆಯಲ್ಲಿ ಏನೂ ಇರಲಿಲ್ಲ. ಹೊಟ್ಟೆಯ ವಿಷಯ ತನಗೆ ಜಾಸ್ತಿ ಗೊತ್ತಿಲ್ಲ ಎಂದು ಇವರು ಡಾಕ್ಟರಿಗೆ ಹೇಳಿದರು. ಕೊಯ್ಯುವ ಹಂತ ದಾಟಿತ್ತು. ಮನೆಗೆ ಕರೆದುಕೊಂಡು ಬಂದೆ. ಅವರಿಗೆ ಒಂದೇ ಚಿಂತೆ. ಫೋಟೊ ಉಪಯೋಗಕ್ಕೆ ಬರುತ್ತದೋ ಇಲ್ಲವೋ ತಿಳಿಯದೆ ಹೋಗಬೇಕಲ್ಲ ಎಂದು. ಹಾಗೆಂದು ಯಾರಿಗಾದರೂ ಲಕ್ವ ಆಗಲಿ ಎಂದು ಬಯಸುವ ಹಾಗೂ ಇಲ್ಲ. ಇದನ್ನು ಅವರೇ ಹೇಳಿದ್ದು.

ಡಿಸೆಂಬರಿನಲ್ಲಿ ಆಯಿತು. ಬೋಟು ಬೈಂದೂರಿನ ನೇರಕ್ಕೆ, ದಡದಿಂದ ಹೆಚ್ಚು ದೂರವಿಲ್ಲದೆ ಕಡಲಲ್ಲಿತ್ತು. ಬಲೆ ನೀರಿನಲ್ಲಿತ್ತು, ತುಂಬಿತ್ತು. ಬೆಳಿಗ್ಗೆ ಜಿತೇಂದ್ರನ ಕೈಯಿಂದ ಸೌಟು ಬಿತ್ತು. ಹೆಕ್ಕಲು ಹೋದ, ಬೆರಳು ಮಡಚಲಿಲ್ಲ. ಶೇಖರ ನೆಗಾಡಲು ಹೇಳಿದ. ಬಲಬದಿ ಏಳಲಿಲ್ಲ. ಫೋನು ತೆಗೆದು ಫೋಟೊವನ್ನು ಅವನ ಮುಖದ ಪಕ್ಕ ಹಿಡಿದ. ಫೋಟೊದಲ್ಲಿ ಎರಡು ಬದಿಯೂ ಕಿವಿಗೆ ಮುಟ್ಟಿತ್ತು.

ಶೇಖರ ವೈರ್‌ಲೆಸ್ಸಿನಲ್ಲಿ ಚಂದಯ್ಯಣ್ಣನನ್ನು ಹಿಡಿದ. ಅದನ್ನು ಅವನು ಆಮೇಲೆ ಹೇಳಿದ ಹಾಗೆಯೇ ಬರೆಯುತ್ತೇನೆ.

“ಜಿತೇಂದ್ರಂಗೆ ಲಕ್ವ ಕಾಂತ್ ಚಂದಯ್ಯಣ್ಣ.”

“ಫೋಟೊ ಕಂಡ್ಯಾ?”

“ಕಂಡೆ.”

“ಸಮ ಕಂಡ್ಯಾ?”

“ಸಮ ಕಂಡೆ. ಫೋಟೊದಂಗೆ ಬಾಯಿ ಸಮ ಇತ್ತ್, ಈಗ ಇಲ್ಲ.”

“ಎಲಿ ಅಡಿಕಿ?”

“ಅವ ತಿಂತಿಲ್ಲೆ.”

“ಬಲಿ ಎಲ್ಲಿತ್ತ್?”

“ನೀರಂಗೆ. ಎಳುಕೆ ಗಂಟಿ ಮೇಲೆ ಬೇಕ್.”

ಶೇಖರ ತನ್ನ ಕೆಲಸ ಹೋಯಿತು ಎಂದುಕೊಂಡ. ಆಮೇಲೆ ಚಂದಯ್ಯಣ್ಣ ಹೇಳಿದರು. “ರೋಪ್ ಕಡಿ. ಗಂಗೊಳ್ಳಿಗೆ ಬಪ್ಪುದ್ ಬೇಡ, ಕೊಡೇರಿ ಹತ್ರ, ಅಲ್ಲಿಗ್ ಹೋಗ್. ನಾನ್ ಅಲ್ಲಿಗ್ ಆಂಬುಲೆನ್ಸ್ ತಕಂಡ್ ಬತ್ತೆ.”

ಹಗ್ಗ ಕಡಿದರು. ಮೀನಿನ ಸಮೇತ ಬಲೆ ಕಡಲಲ್ಲೇ ಉಳಿಯಿತು. ಮದ್ದಿನ ಹೊತ್ತು ಮೀರುವ ಮುಂಚೆ ಆಸ್ಪತ್ರೆಗೆ ಮುಟ್ಟಿದರು. ಜಿತೇಂದ್ರ ಉಳಿದ. ಬಲಗೈ ಪೂರ್ತಿ ಬರಲಿಲ್ಲ. ಈಗ ಎಡಗೈಯಲ್ಲಿ ಒಗ್ಗರಣೆ ಹಾಕುತ್ತಾನೆ. ಸಾರು ಮೊದಲಿನಷ್ಟೇ ಖಾರ ಎಂದು ಕಲಾಸಿಗಳು ಬಯ್ಯುತ್ತಾರೆ.

ಮರುದಿನ ಶೇಖರ ಬಂದು ಮಂಚದ ಪಕ್ಕ ಕೂತು ಎಲ್ಲ ಹೇಳಿದ. ಇವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಯಾವ್ ಕೈ?”

“ಬಲಗೈ ಭಾವ.”

“ಮಾತ್?”

“ತೊದಲ್ತ್.”

“ಹಾಂಗಾರೆ ಮೆದುಳಿನ ಎಡ್ಬದಿ” ಅಂದರು. ಆಮೇಲೆ, “ಜಲಜ, ಫೋನ್ ತಾ” ಅಂದರು.

ಅದು ಕೊನೆಯದು. ಬಲೆಯ ಕೋಣೆಗೆ ಹೋಗುವ ಶಕ್ತಿ ಇರಲಿಲ್ಲ, ಮಲಗಿದಲ್ಲೇ ಮಾತಾಡಿದರು. ಅದರಲ್ಲಿ ಅವರ ಮಾತಿಗಿಂತ ಫ್ಯಾನಿನ ಸದ್ದು ಜೋರು. ಶೈಲೇಶ ಹಾಗೆಯೇ ಕಾರ್ಡಿಗೆ ಹಾಕಿದ. ಯಾರೂ ಬೇಡ ಅನ್ನಲಿಲ್ಲ.

ಜನವರಿಯಲ್ಲಿ ಹೋದರು. ನಾನು ಪಕ್ಕದಲ್ಲಿದ್ದೆ. ಅದರ ಬಗ್ಗೆ ಬರೆಯುವುದಿಲ್ಲ.

ಆಮೇಲೆ ಒಂದು ದಿನ ಮೀನು ತರಲು ಬಂದರಿಗೆ ಹೋದಾಗ ಕಟ್ಟಿದ ಬೋಟಿನಿಂದ ಅವರ ಸ್ವರ ಕೇಳಿತು. “ಉಂಡದ್ದೇ ನಿದ್ರಿ ಎಂತಕ್ ಬತ್ತ್, ಗೊತ್ತಿತ್ತಾ?” ಎಂದು ಕೇಳುತ್ತಿದ್ದರು. ಗೊತ್ತಿಲ್ಲ ಅಂದೆ. ಪಕ್ಕದಲ್ಲಿದ್ದವಳು ನನ್ನ ಮುಖ ನೋಡಿದಳು. ಬಂಗುಡೆ ತೆಗೆದುಕೊಂಡು ಬಂದೆ. ಮಗಳು ಓದಲು ಹಾಸ್ಟೆಲಿನಲ್ಲಿದ್ದಳು, ಮನೆಯಲ್ಲಿ ಉಣ್ಣುವವರು ನಾನೊಬ್ಬಳೇ. ಇಬ್ಬರಿಗಾಗುವಷ್ಟು ತಂದಿದ್ದೆ.

ಮುಂದಿನ ಆಗಸ್ಟು ಬಂತು. ಪೂಜೆಗೆ ಮುಂಚೆ ಚಂದಯ್ಯಣ್ಣ ಬಂದರು. ಅವರ ಎಲ್ಲ ಬೋಟಿನವರದ್ದೂ ಈ ಸಲ ಫೋಟೊ ತೆಗೆಯಬೇಕಂತೆ, ಉಳಿದ ಯಜಮಾನರೂ ಕೇಳುತ್ತಿದ್ದಾರಂತೆ.

“ತೆಗೂದ್ ಯಾರ್?” ಎಂದು ಕೇಳಿದೆ.

“ನೀವೇ.”

“ಗಂಡ ಸತ್ತ್ ವರ್ಷ ಆಯ್ಲಿಲ್ಲ ಚಂದಯ್ಯಣ್ಣ. ಬೋಟ್ ಇಳೂ ದಿನ ನಾನ್ ಎದ್ರ್ ಬಪ್ಪುದಾ?”

ನಮ್ಮಲ್ಲಿ ಅದನ್ನು ನೋಡುತ್ತಾರೆ. ಆ ದಿನ ನಮ್ಮಂಥವರು ಮನೆಯಲ್ಲೇ ಇರುವುದು. ಚಂದಯ್ಯಣ್ಣನೇ ಎಲ್ಲರಿಗಿಂತ ಜಾಸ್ತಿ ನೋಡುವವರು. ಅವರೇ ಹೇಳಿದರು. “ಪೂಜಿ ಪೂಜಿ ಆಯ್ತ್. ನೆಗಾಡುದ್ ಅದ್ರ ನಂತ್ರ. ಎರಡೂ ಬೇರೆ ಬೇರೆ.”

ಹೋದೆ. ಪೂಜೆ ಮುಗಿಯುವವರೆಗೆ ಐಸಿನ ಅಂಗಡಿಯ ಹಿಂದೆ ನಿಂತಿದ್ದೆ. ಹಾಲು ಬಿಟ್ಟದ್ದೇ ಚಂದಯ್ಯಣ್ಣ ಎಲ್ಲರಿಗೂ ಕೇಳುವ ಹಾಗೆ, “ಜಲಜಕ್ಕ, ಬನ್ನಿ, ಮುಂದ್ ಬನ್ನಿ” ಎಂದು ಕರೆದರು. ಒಂದಿಬ್ಬರು ಮುದುಕರು ಮುಖ ತಿರುಗಿಸಿದರು. ಉಳಿದವರು ಸಾಲು ಮಾಡಿ ನಿಂತರು.

ಮೊದಲು ಶೇಖರ ಬಂದ. ಫೋನು ಹಿಡಿದು, “ನೆಗಾಡ್” ಅಂದೆ. ಅವನು ನನ್ನ ಮುಖ ನೋಡಿದ. ಬಾಯಿ ಬಿಟ್ಟ. ಅಳು ಬಂತು.

“ಅದ್ ಬೇಡ. ಹಲ್ ಕಾಣ್ಕ್” ಅಂದೆ.

ಮೂಗು ಒರೆಸಿಕೊಂಡು ಮತ್ತೆ ನಿಂತ. ತೆಗೆದೆ. ಎರಡು ಬದಿಯೂ ಸಮ ಬಂದಿದೆಯಾ ಎಂದು ನೋಡಿದೆ. ಬಂದಿತ್ತು. ಮುಂದಿನವನನ್ನು ಕರೆದೆ.